4 ವರ್ಷ ಬಳಸಿದ ಮಲ್ಟಿಮೀಟರ್: ಬಿಸಿಯಾದರೆ ಸ್ಟಾರ್ಟ್ ಆಗದ ಲಾರಿಯ ದೋಷ ಹಿಡಿದುಕೊಟ್ಟಿದ್ದು ಇದೇ

ವೋಲ್ಟ್, ಕರೆಂಟ್ ಅಳೆಯುವ ಈ ಡಿಜಿಟಲ್ ಮಲ್ಟಿಮೀಟರ್ ತಗೊಂಡು 4 ವರ್ಷ ಆಯ್ತು. ತಗೊಂಡಿದ್ದೇ ಒಂದು ಕಾಟ ತಾಳಲಾರದೆ. ನಮ್ಮ ಹಳೇ 24 ವೋಲ್ಟ್ ಲಾರಿ ಬೆಳಗ್ಗೆ ಕೀ ಮುಟ್ಟಿದರೆ ಸಾಕು, ಸ್ಟಾರ್ಟ್. ಅದೇ ದೂರ ಓಡಿಸಿ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಕಡೆಯಿಂದ ಸಣ್ಣಗೊಂದು ‘ಟಕ್’, ಅಷ್ಟೇ. ಮುಕ್ಕಾಲು ಗಂಟೆ ಕಾದರೆ ಏನೂ ಆಗದ ಹಾಗೆ ತಿರುಗುತ್ತೆ. ಬ್ಯಾಟರಿ ಎರಡೂ ಬದಲಾಯಿಸಿದೆವು, ಸೆಲ್ಫ್ ಬಿಚ್ಚಿಸಿ ಬುಷ್, ಕಾರ್ಬನ್ ಹಾಕಿಸಿದೆವು. ಕಾಟ ತಪ್ಪಲಿಲ್ಲ.

ಮೀಟರ್ ಬಂದ ಮೇಲೆ ಗಾಡಿ ಕೈಕೊಟ್ಟ ಹೊತ್ತಿಗೇ, ಬಿಸಿಬಿಸಿ ಇರುವಾಗಲೇ ಅಳೆದೆ. ತಣ್ಣಗಾದ ಮೇಲೆ ಅಳೆದು ಪ್ರಯೋಜನವಿಲ್ಲ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಕಲ್ಲು. ಜೊತೆಗಿದ್ದವರು ಕೀ ತಿರುಗಿಸಿ ಹಿಡಿದಾಗ ಬ್ಯಾಟರಿಯಲ್ಲಿ 24 ವೋಲ್ಟ್ ಇತ್ತು, ಸೊಲೆನಾಯ್ಡಿಗೆ (ತಾಮ್ರದ ಕಾಯಿಲ್ ಇರುವ, ಸೆಲ್ಫಿಗೆ ಕರೆಂಟ್ ಹಾಯಿಸುವ ಸ್ವಿಚ್) ಬರುವ ಸಣ್ಣ ವೈರಿನ ತುದಿಯಲ್ಲಿ ಬರೀ 17. ಉಳಿದ 7 ಎಲ್ಲಿ ಹೋಯ್ತು ಅಂತ ಹುಡುಕುತ್ತಾ ಬಂದು ಇಗ್ನಿಷನ್ ಸ್ವಿಚ್ಚಿನ ಎರಡು ಟರ್ಮಿನಲ್‌ಗೆ ಮೀಟರಿನ ಪ್ರೋಬ್ (ಅಳೆಯುವ ಕಡ್ಡಿ) ಇಟ್ಟೆ. 6 ವೋಲ್ಟ್ ಅಲ್ಲೇ ಕಳೆದುಹೋಗುತ್ತಿತ್ತು! ಬಿಚ್ಚಿ ನೋಡಿದರೆ ಕಾಂಟ್ಯಾಕ್ಟ್ ಸುಟ್ಟು ಕರ್ರಗಾಗಿತ್ತು.

ಮತ್ತೆ ಬೆಳಗ್ಗೆ ಹೇಗೆ ಸ್ಟಾರ್ಟ್ ಆಗ್ತಿತ್ತು? ತಾಮ್ರದ ತಂತಿ 20 ಡಿಗ್ರಿಯಿಂದ 100ಕ್ಕೆ ಕಾದರೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 30 ಪರ್ಸೆಂಟ್ ಏರುತ್ತೆ. ಎಂಜಿನ್ ನಿಂತ ಮೇಲೆ ಫ್ಯಾನ್ ಗಾಳಿ ಇಲ್ಲ, ರೇಡಿಯೇಟರ್ ನೀರೂ ಓಡಲ್ಲ. ಸುತ್ತಲಿನ ಕಾವೆಲ್ಲ ಸೆಲ್ಫಿಗೆ ಏರುತ್ತೆ. ತಣ್ಣಗಿದ್ದ ಸೊಲೆನಾಯ್ಡ್ ಕಾಯಿಲ್‌ಗೆ ಆ ಕಡಿಮೆ ವೋಲ್ಟೇಜ್ ಹೇಗೋ ಸಾಕಾಗ್ತಿತ್ತು, ಕಾದ ಕಾಯಿಲ್‌ಗೆ ಸಾಲುತ್ತಿರಲಿಲ್ಲ. ಅಂದರೆ ದೋಷ ಬೆಳಗ್ಗೆಯೂ ಇತ್ತು, ಬಿಸಿಯಲ್ಲಿ ಹೊರಗೆ ಬರ್ತಿತ್ತು ಅಷ್ಟೇ. ಸ್ವಿಚ್ ಬದಲಾಯಿಸಿ, ಅದರ ಮೇಲೆ ಹೊರೆ ಬೀಳದಂತೆ ಒಂದು ರಿಲೇಯನ್ನೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕಿಸಿದೆವು. ಅಲ್ಲಿಂದ ಈಚೆಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಇನ್ನು ಮೀಟರಿನ ಕೊರತೆಗಳು. ಅಳತೆಯ ಮಿತಿಯನ್ನು ಮೀಟರೇ ಆರಿಸುವ ಆಟೊ ರೇಂಜ್‌ನಲ್ಲಿ ಅಂಕಿ ನಿಲ್ಲೋಕೆ ತಡವಾಗುತ್ತೆ. ಕೀ ಹಿಡಿಯೋದೇ ಎರಡು ಸೆಕೆಂಡ್, ಹಾಗಾಗಿ ರೇಂಜ್ ನಾವೇ ಹಾಕಿಕೊಳ್ಳಬೇಕು. ಅತಿ ಕಡಿಮೆ, ಅತಿ ಹೆಚ್ಚು ಅಂಕಿಯನ್ನು ನೆನಪಿಡುವ ಮಿನ್-ಮ್ಯಾಕ್ಸ್ ಬಟನ್ ಇದ್ದಿದ್ದರೆ ಇನ್ನೊಬ್ಬರನ್ನು ಕರೆಯದೆ ಒಬ್ಬನೇ ಅಳೆಯಬಹುದಿತ್ತು. ಜೊತೆಗೆ ಬಂದ ಪ್ರೋಬ್ ವೈರ್ ಎಕ್ಸಾಸ್ಟ್ ಪೈಪಿಗೆ ತಾಗಿ ಕರಗಿತು, ಈಗ ಸಿಲಿಕೋನ್ ಹೊದಿಕೆಯ ವೈರ್ ಬಳಸ್ತಿದೀನಿ. ಬಿಸಿಲಲ್ಲಿ ಪರದೆ ಓದೋದು ಕಷ್ಟ. ಇಷ್ಟಾದರೂ ವೋಲ್ಟ್ ಲೆಕ್ಕದಲ್ಲಿ ಇದು ನನಗೆ ಒಮ್ಮೆಯೂ ದಾರಿ ತಪ್ಪಿಸಿಲ್ಲ.

ತಗೊಳ್ಳೋರಿಗೆ ಒಂದು ಮಾತು: ಸೆಲ್ಫ್ ಎಳೆಯುವ ಕರೆಂಟನ್ನು ಇದರ 10 ಆಂಪಿಯರ್ ಸಾಕೆಟ್‌ನಲ್ಲಿ ಅಳೆಯಲು ಹೋಗಬೇಡಿ. ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತೆ, ಅದಕ್ಕೆ ವೈರಿನ ಸುತ್ತ ಹಿಡಿದು ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರೇ ಬೇಕು.