ಡಿಸ್ಕ್ ಗಟ್ಟಿ, ಕೇಬಲ್ ಪೊಳ್ಳು: ಮೂರು ಮಳೆಗಾಲದ ಬಳಕೆಯ ನಂತರ

2022ರ ಮೇ ತಿಂಗಳ ಒಂದು ಸಿಡಿಲಿಗೆ ನಮ್ಮ ಮನೆಯ ಮೋಡೆಮ್ ಸುಟ್ಟುಹೋಯಿತು. ಪಕ್ಕದಲ್ಲೇ ಇದ್ದ ಲ್ಯಾಪ್‌ಟಾಪ್ ಹೇಗೋ ಉಳಿಯಿತು. ಅಪ್ಪಯ್ಯನ ತಾಳಮದ್ದಲೆಯ ಧ್ವನಿಮುದ್ರಣ, ಆ ವರ್ಷದ ಮಾರಿಕಾಂಬಾ ಜಾತ್ರೆಯ ಫೋಟೋ, ತೋಟದ ಲೆಕ್ಕ ಎಲ್ಲವೂ ಅದೊಂದರಲ್ಲೇ ಇದ್ದವು. ಮರುದಿನವೇ ಶಿರಸಿ ಪೇಟೆಗೆ ಹೋಗಿ ಎರಡು ಟಿಬಿಯ ಈ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆ.

ಭಾನುವಾರ ಊಟವಾಗಿ ಎಲೆಅಡಿಕೆಯ ಕವಳ ಹಾಕಿದ ಮೇಲೆ ಬ್ಯಾಕಪ್. ಗುಡುಗಿದರೆ ಆ ವಾರ ಇಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆಯೇ ನಡೆಸುತ್ತೇನೆ. ಡಿಸ್ಕ್ ಇರುವುದು ಆಯಿಯ ಹಳೆಯ ಚಕ್ಕುಲಿ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಗಳಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ. ಆಷಾಢದಲ್ಲಿ ಸೊಂಟದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕೆಲಸ ಮುಗಿದ ಮೇಲೆ ‘ಇಜೆಕ್ಟ್’ ಒತ್ತಿ, ಒಳಗಿನ ಗುಂಯ್ ಸದ್ದು ಪೂರ್ತಿ ಅಡಗುವವರೆಗೆ ಕಾಯುತ್ತೇನೆ. ಆ ಅರ್ಧ ನಿಮಿಷ ನನಗೆ ಬಹಳ ಇಷ್ಟ.

ಕಾಡಿದ್ದು ಕೇಬಲ್. ಆ ಅಗಲ ಚಪ್ಪಟೆ ಮೂತಿ ಎರಡನೆಯ ಮಳೆಗಾಲಕ್ಕೇ ಸಡಿಲಾಯಿತು. ಬೆಕ್ಕು ಮೇಜಿಗೆ ಹಾರಿದರೂ ಸಂಪರ್ಕ ಕಡಿಯುತ್ತಿತ್ತು. ಒಮ್ಮೆ ತಾಳಮದ್ದಲೆಯ ಕಡತದ ಹೆಸರೇನೋ ಡಿಸ್ಕ್‌ನಲ್ಲಿ ಸರಿಯಾಗಿ ಕೂತಿತ್ತು. ತೆರೆದರೆ ಕೃಷ್ಣಸಂಧಾನದ ಕೌರವ ಮಾತಿನ ನಡುವೆಯೇ ಬಾಯಿ ಮುಚ್ಚಿದ್ದ! ಅಂದಿನಿಂದ ಪ್ರತಿ ಕಡತದ ಕೊನೆಯ ಎರಡು ನಿಮಿಷ ಕೇಳಿದ ಮೇಲೆಯೇ ಡಬ್ಬದ ಮುಚ್ಚಳ ಹಾಕುತ್ತೇನೆ. ಕೇಬಲಿಗೆ ವಾರಂಟಿ ಇಲ್ಲ ಎಂದು ಅಂಗಡಿಯವರು ಕೈ ಚೆಲ್ಲಿದರು. ಇಷ್ಟು ದುಡ್ಡು ಕೊಟ್ಟವನಿಗೆ ಒಂದು ಗಟ್ಟಿ ಕೇಬಲ್ ಕೊಡಲು ಏನು ದಾಡಿ?

ಜುಲೈಯಲ್ಲಿ ರಸ್ತೆಗೆ ಮರ ಬಿದ್ದು ಪೇಟೆಗೆ ಹೋಗಲಾಗದ ಒಂದು ಭಾನುವಾರ, ಹಳೆಯ ಮೊಬೈಲಿನ ಮೈಕ್ರೋ ಯುಎಸ್‌ಬಿ ಕೇಬಲನ್ನು ಆ ಅಗಲ ಕಿಂಡಿಯ ದೊಡ್ಡ ಭಾಗಕ್ಕೆ ಸುಮ್ಮನೆ ತೂರಿಸಿ ನೋಡಿದೆ. ಗುಂಯ್ ಎಂದಿತು! ಆ ಭಾಗ ಯುಎಸ್‌ಬಿ 2ರದ್ದು. ಪಕ್ಕದ ಕಿರಿದಾದದ್ದು 3ರ ವೇಗಕ್ಕಾಗಿ ಸೇರಿಸಿದ್ದು. ಸೆಕೆಂಡಿಗೆ ನೂರು ಎಂಬಿ ಹೋಗುತ್ತಿದ್ದದ್ದು ಮೂವತ್ತೈದಕ್ಕೆ ಇಳಿಯಿತು, ಆದರೆ ಕಡಿಯಲಿಲ್ಲ. ಕವಳ ಜಗಿಯುವವನಿಗೆ ಏನು ಅವಸರ? ಬರೀ ಚಾರ್ಜಿಂಗಿಗೆಂದು ಬರುವ ಅಗ್ಗದ ಕೇಬಲ್ ಮಾತ್ರ ಇದಕ್ಕೆ ನಡೆಯದು, ಒಳಗೆ ಡೇಟಾ ತಂತಿ ಇರಬೇಕು.

ಎಸ್‌ಎಸ್‌ಡಿ, ಅಂದರೆ ಒಳಗೆ ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕ್, ಕೊಳ್ಳಿ ಎನ್ನುವವರಿದ್ದಾರೆ. ಅಷ್ಟೇ ಜಾಗಕ್ಕೆ ಅದರ ಬೆಲೆ ಬಹಳ ಹೆಚ್ಚು. ಚಾಲಿ ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ನೋಡೋಣ. ಸದ್ಯಕ್ಕೆ ಡಿಸ್ಕ್‌ಗೆ ನಾಲ್ಕು ನಕ್ಷತ್ರ, ಕೇಬಲಿಗೆ ಸೊನ್ನೆ. ಮಳೆ ಹಿಡಿಯುವ ಮೊದಲು ಇನ್ನೊಂದನ್ನು ಕೊಂಡು ಎಲ್ಲವನ್ನೂ ತುಂಬಿಸಿ, ಕಾರವಾರದ ಅಕ್ಕನ ಮನೆಯ ಕಪಾಟಿನಲ್ಲಿ ಇಟ್ಟು ಬರುತ್ತೇನೆ. ಟೈಪ್ ಸಿ ಮೂತಿಯದ್ದನ್ನೇ.