ಫಿಯೆಟ್ ಡಿಲೈಟೋ, ಮಾರುತಿ 800ಓ? ಘಾಟಿ ಹತ್ತಿಸಿ ನೋಡಿ

ಇಲ್ಲಿ ಹೋಲಿಸುತ್ತಿರುವುದು 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್ (ಮುಂದೆ ಪ್ರೀಮಿಯರ್ ಪದ್ಮಿನಿ ಆಗಿದ್ದು ಇದೇ ಗಾಡಿ) ಮತ್ತು ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಮಾರುತಿ 800. ಮೊದಲನೆಯದಕ್ಕೆ 1089 ಸಿಸಿ, ನಾಲ್ಕು ಸಿಲಿಂಡರ್; ಎರಡನೆಯದಕ್ಕೆ 796 ಸಿಸಿ, ಮೂರೇ ಸಿಲಿಂಡರ್. ಶಕ್ತಿ ಹೆಚ್ಚುಕಮ್ಮಿ ಒಂದೇ, ಆದರೆ ಫಿಯೆಟ್ 800ಕ್ಕಿಂತ ಸುಮಾರು 250 ಕಿಲೋ ಹೆಚ್ಚು ಭಾರ. ಬಯಲು ರಸ್ತೆಯಲ್ಲಿ ಅದು ಲೆಕ್ಕಕ್ಕಿಲ್ಲ. ಚಾರ್ಮಾಡಿ ಹತ್ತುವಾಗ ಗೊತ್ತಾಗುತ್ತದೆ.

ಏಪ್ರಿಲ್ ಬಿಸಿಲಲ್ಲಿ, ಲಾರಿಯ ಹಿಂದೆ ನಿಧಾನಕ್ಕೆ ಏರುವಾಗ ಫಿಯೆಟ್ ಜಗ್ಗಿ ಜಗ್ಗಿ ನಿಂತರೆ ಮೊದಲ ಅನುಮಾನ ವೇಪರ್ ಲಾಕ್. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ; ಕಾವಿಗೆ ಒಳಗಿನ ಪೆಟ್ರೋಲ್ ಆವಿಯಾದರೆ ಪಂಪು ಎಳೆಯುವುದು ಬರೀ ಆವಿ. ಬಾನೆಟ್ ತೆರೆದಿಟ್ಟು, ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಕಾಲು ಗಂಟೆ ಬಿಡಿ. ಆದರೂ ಸ್ಟಾರ್ಟ್ ಆಗದಿದ್ದರೆ ಡಿಸ್ಟ್ರಿಬ್ಯೂಟರಿನಿಂದ (ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಡಬ್ಬಿ) ಕಾಯಿಲ್ ವೈರ್ ಕಿತ್ತು, ಇನ್ಸುಲೇಟೆಡ್ ಇಕ್ಕುಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ ಲೋಹದಿಂದ 5-6 ಮಿಮೀ ದೂರ ಇಟ್ಟು ಸೆಲ್ಫ್ ಹೊಡೆಸಿ (ಪೆಟ್ರೋಲ್ ವಾಸನೆ ಇದ್ದರೆ ಬೇಡ). ನೀಲಿ ಕಿಡಿ ಬಂದರೆ ತೊಂದರೆ ಹೆಚ್ಚಾಗಿ ಪೆಟ್ರೋಲಿನದು. ಹಳದಿ, ಸಣಕಲು ಕಿಡಿಯಾದರೆ ಹೆಚ್ಚಾಗಿ ಪಾಯಿಂಟಿನದು (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಸ್ವಿಚ್ಚು) ಅಥವಾ ಅದು ಸುಡದಂತೆ ಕಾಯುವ ಕಂಡೆನ್ಸರಿನದು. ಪಾಯಿಂಟ್ ಸುಟ್ಟಿದ್ದರೆ ಉಜ್ಜಿ, ಕ್ಯಾಮಿನ ಉಬ್ಬಿನ ಮೇಲೆ ಅದು ಪೂರ್ತಿ ತೆರೆದಿರುವಾಗ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) 0.45 ಮಿಮೀ ಗ್ಯಾಪ್ ಇಡಿ. ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗಲೇ ಗ್ಯಾಪ್ ಸರಿಯುವುದು ಮಾಮೂಲು. ಸ್ಪೇರ್ ಕಂಡೆನ್ಸರ್ ಒಂದು ಡಿಕ್ಕಿಯಲ್ಲಿ ಇದ್ದೇ ಇರಬೇಕು.

800ರಲ್ಲಿ ಈ ರಗಳೆ ಯಾವುದೂ ಇಲ್ಲ. ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿ ತಂಪಾಗಿರುತ್ತದೆ. ಸದಾ ರಿಸರ್ವಿನಲ್ಲೇ ಓಡಿಸುವವರು ಅದನ್ನು ಸುಟ್ಟುಕೊಳ್ಳುತ್ತಾರೆ, ಅಷ್ಟೆ. ಗಾಡಿ ನಿಂತರೆ ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿಗೊಡಿ: ಎರಡು ಸೆಕೆಂಡು ಗುಂಯ್ ಅನ್ನಬೇಕು. ಅನ್ನದಿದ್ದರೆ ಫ್ಯೂಸ್, ಆಮೇಲೆ ರಿಲೇ ನೋಡಿ. ಎರಡೂ ಸರಿಯಿದ್ದರೆ ರಸ್ತೆ ಬದಿಯಲ್ಲಿ ಹೆಚ್ಚೇನೂ ಮಾಡಲಾಗದು, ಟೋಯಿಂಗ್ ಕರೆಯಿರಿ. ರೇಡಿಯೇಟರ್ ಫ್ಯಾನ್ ಕರೆಂಟಿನದು ಎನ್ನುವುದೂ ನೆನಪಿರಲಿ. ಅದು ಕೈಕೊಟ್ಟಿದ್ದು ತಿಳಿಯದೆ ಘಾಟಿ ಹತ್ತಿಸಿದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಲೆಕ್ಕ. ಫಿಯೆಟ್ಟಿನ ಫ್ಯಾನು ಬೆಲ್ಟಿನದು. ಬೆಲ್ಟ್ ಇರುವ ತನಕ ತಿರುಗುತ್ತದೆ.

ಈಗಿನ ಇ20 (ಶೇ 20ರಷ್ಟು ಎಥನಾಲ್ ಬೆರೆಸಿದ) ಪೆಟ್ರೋಲ್ ಹಳೆ ಗಾಡಿಗೇ ಹೆಚ್ಚು ಕಾಟ. ಎಥನಾಲ್‌ಗೆ ಪಂಪಿನ ಹಳೇ ಡಯಾಫ್ರಮ್, ರಬ್ಬರ್ ಹೋಸ್‌ಗಳು ಮೆತ್ತಗಾಗಿ ಬಿರಿಯುತ್ತವೆ. ಎಥನಾಲ್ ತಡೆಯುವಂಥವನ್ನು ಹಾಕಿಸಿ. ಕಾರ್ಬ್ಯುರೇಟರಿಗೆ ಮಿಶ್ರಣ ಬದಲಿಸಿಕೊಳ್ಳಲು ಬಾರದು, ಎಂಜಿನ್ ಲೀನ್ ಆಗಿ (ಗಾಳಿ ಹೆಚ್ಚಾಗಿ, ಇಂಧನ ಕಮ್ಮಿಯಾಗಿ) ಇನ್ನಷ್ಟು ಕಾಯುತ್ತದೆ. ಆಕ್ಸಿಜನ್ ಸೆನ್ಸರ್ ಇರುವ 800 ತಕ್ಕಮಟ್ಟಿಗೆ ತಾನೇ ಸರಿಹೊಂದಿಸಿಕೊಳ್ಳುತ್ತದೆ, ಆದರೆ ಅದರ ಹಳೇ ರಬ್ಬರಿಗೂ ಇದೇ ಗತಿ.

ಇಳಿಜಾರಿನಲ್ಲಿ 800 ಮೇಲು, ಮುಂದೆ ಡಿಸ್ಕ್ ಇದೆ. ಫಿಯೆಟ್ಟಿಗೆ ನಾಲ್ಕೂ ಡ್ರಮ್. ಮಳೆನೀರು ಹೊಕ್ಕರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ರೇಕಿನ ಮೇಲೆ ಹಗುರಾಗಿ ಕಾಲಿಟ್ಟು ಸ್ವಲ್ಪ ದೂರ ಓಡಿಸಿ ಒಣಗಿಸಬೇಕು. ಸೀಟಿನ ಸುಖದಲ್ಲಿ ಮಾತ್ರ ಫಿಯೆಟ್ಟಿಗೇ ನನ್ನ ಮತ.

ಡಿಲೈಟ್ ಕೊಳ್ಳುವುದಾದರೆ ಎಂಜಿನ್ ಆಮೇಲೆ ನೋಡಿ, ಮೊದಲು ಅಯಸ್ಕಾಂತ ಹಿಡಿದು ಫ್ಲೋರ್, ಬಾಗಿಲ ಕೆಳಭಾಗ ತಡಕಿ. ಅಂಟದ ಕಡೆ ತುಕ್ಕಿನ ಮೇಲೆ ಪುಟ್ಟಿ ಮೆತ್ತಿದ್ದಾರೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಆ ನೋಂದಣಿಯಲ್ಲಿ ದಿನವೂ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗಷ್ಟೇ ಹೊರಗೆ ತೆಗೆಯಬಹುದು.