ಕಾರು ಚೆನ್ನಾಗಿದೆ, ಆದರೆ ಕ್ಲಚ್ ಆಯಿಲ್ ಎಲ್ಲಿ ಹೋಗುತ್ತಿತ್ತು?

ಹುಬ್ಬಳ್ಳಿಯ ಕೇಶ್ವಾಪುರದಿಂದ ಧಾರವಾಡದ ಕೋರ್ಟ್ ಸರ್ಕಲ್, ಸಂಜೆ ವಾಪಸ್. ಇದು ನನ್ನ ಓಡಾಟ. ಈ ಎರಡು ಊರಿನ ನಡುವೆ ಓಡುವ ಚಿಗರಿ ಬಸ್ಸು ಚೆನ್ನಾಗಿಯೇ ಇದೆ. ಆದರೆ ಅವ್ವನನ್ನು ಆಗಾಗ ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಆಕೆಗೆ ಸ್ಟಾಪ್‌ವರೆಗೂ ನಡೆಯಲು ಆಗುವುದಿಲ್ಲ. ಅದಕ್ಕೇ ಈ ಡೀಸೆಲ್ ಹ್ಯಾಚ್‌ಬ್ಯಾಕ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೈಲೇಜು, ಡಿಕ್ಕಿಯ ಅಳತೆ, ಏರ್‌ಬ್ಯಾಗ್ ಲೆಕ್ಕ ನೀವೆಲ್ಲ ನೋಡಿಯೇ ಇರುತ್ತೀರಿ. ನಾನು ಬರೆಯುತ್ತಿರುವುದು ಕ್ಲಚ್ ಬಗ್ಗೆ.

ಗಾಡಿ ನನಗೆ ತುಂಬಾ ಇಷ್ಟ. ಬೆಳಿಗ್ಗೆ ಚಹಾ ಆದ ಮೇಲೆ ಬಾನೆಟ್ ಎತ್ತಿ ಹಳೇ ಬನಿಯನ್ ತುಂಡಿನಿಂದ ಬ್ರೇಕ್ ಆಯಿಲ್ ಡಬ್ಬಿಯ ಧೂಳು ಒರೆಸುತ್ತೇನೆ. ಬಿಳಿ ಪ್ಲಾಸ್ಟಿಕ್ಕಿನ ಆಚೆ ಆಯಿಲ್ ಗೆರೆ ಎಲ್ಲಿದೆ ಅಂತ ನೋಡುತ್ತೇನೆ. ಆಮೇಲೆ ಕೂತು, ಇಂಜಿನ್ ಶುರು ಮಾಡುವ ಮೊದಲೇ ಒಮ್ಮೆ ಕ್ಲಚ್ ಒತ್ತಿ ಬಿಡುತ್ತೇನೆ. ಪೆಡಲ್ ಎಷ್ಟು ಒಳಗೆ ಹೋದಾಗ ಗಟ್ಟಿ ಹತ್ತುತ್ತದೆ ಎಂಬುದು ಕಾಲಿಗೆ ಗೊತ್ತು. ಹೀಗಾಗಿ ಆಯಿಲ್ ಇಳಿಯತೊಡಗಿದ್ದು ನನಗೆ ಬೇಗನೇ ಕಂಡಿತು.

ಕ್ಲಚ್‌ಗೂ ಬ್ರೇಕ್‌ಗೂ ಒಂದೇ ಡಬ್ಬಿಯಿಂದ ಆಯಿಲ್. ಕ್ಲಚ್ ಪೈಪು ಸ್ವಲ್ಪ ಮೇಲಿನ ಮಟ್ಟದಿಂದ ಹೊರಡುತ್ತದೆ. ಕ್ಲಚ್ ಸೋರಿದರೂ ಬ್ರೇಕ್‌ಗೆ ಆಯಿಲ್ ಉಳಿಯಲಿ ಅಂತ ಈ ಏರ್ಪಾಡು. ಒಳ್ಳೆಯದೇ. ಆದರೆ ಅದನ್ನು ನಂಬಿಕೊಂಡು ತಿಂಗಳುಗಟ್ಟಲೆ ಓಡಿಸುವುದು ಸರಿಯಲ್ಲ.

ಸರ್ವೀಸಿಗೆ ಬಿಟ್ಟಾಗಲೆಲ್ಲ ಅಲ್ಲಿನವರು ಟಾಪ್‌ಅಪ್ ಮಾಡಿ ಕಳಿಸಿದರು. ಆಯಿಲ್ ಎಲ್ಲಿ ಹೋಯಿತು ಅಂತ ಒಬ್ಬರೂ ಹುಡುಕಲಿಲ್ಲ. ಕೇಳಿದರೆ "ಬ್ರೇಕ್ ಪ್ಯಾಡ್ ಸವೆದಂಗ ಲೆವೆಲ್ ಇಳಿತದ್ರಿ" ಅಂದರು. ಅದು ನಿಜ, ಆದರೆ ಹಾಗೆ ಇಳಿಯುವುದು ಬಹಳ ನಿಧಾನಕ್ಕೆ. ವಾರ ವಾರಕ್ಕೂ ಗೆರೆ ಕೆಳಗೆ ಬಂದರೆ ಆಯಿಲ್ ಎಲ್ಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ.

ಆಮೇಲೆ ರಿವರ್ಸ್ ಗೇರ್ ಕರ್ ಅನ್ನತೊಡಗಿತು. ಚೆನ್ನಮ್ಮ ಸರ್ಕಲ್ ಸುತ್ತ ಮೇಲ್ಸೇತುವೆ ಕೆಲಸದ ಗದ್ದಲದಲ್ಲಿ, ಇಂಚು ಇಂಚು ಸರಿಯುವಾಗ, ಫಸ್ಟ್ ಗೇರ್ ಬೀಳಲೇ ಒಲ್ಲದು. ಒತ್ತಿದ ಪೆಡಲ್ ಪೂರ್ತಿ ಮೇಲೆ ಬಾರದೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಎರಡು ಮೂರು ಸಲ ಬೇಗ ಬೇಗ ಹೊಡೆದರೆ ಮತ್ತೆ ಗಟ್ಟಿ, ಗೇರ್ ಸಲೀಸು. ಹಿಂದಿನಿಂದ ಒಂದೇ ಸಮ ಹಾರ್ನ್. ಹಿಂದಿನ ಸೀಟಿನಲ್ಲಿ ಅವ್ವ. ಆ ದಿನ ನನಗೆ ಗಾಡಿ ಮೇಲೆ ನಿಜಕ್ಕೂ ಸಿಟ್ಟು ಬಂತು.

ಸರ್ವೀಸ್ ಸೆಂಟರಿನ ಉತ್ತರ ಒಂದೇ: ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಸೆಟ್ ಪೂರ್ತಿ ಬದಲಾಯಿಸಬೇಕು. ಐದಂಕಿಯ ಬಿಲ್ಲು. ನನಗೆ ಒಪ್ಪಿಗೆಯಾಗಲಿಲ್ಲ. ಕ್ಲಚ್ ಪ್ಲೇಟ್ ಸವೆದಿದ್ದರೆ ಏರಿನಲ್ಲಿ ಇಂಜಿನ್ ಮೊರೆಯುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ನವಲೂರು ದಾಟಿ ಹೋಗುವಾಗ ಗಾಡಿ ನಾಲ್ಕನೇ ಗೇರಿನಲ್ಲೇ ಆರಾಮಾಗಿ ಎಳೆಯುತ್ತಿತ್ತು. ಇಂಜಿನ್ ಬಂದ್ ಮಾಡಿದರೆ ಎಲ್ಲ ಗೇರೂ ಬೆಣ್ಣೆಯಷ್ಟು ಮೃದು. ಅಂದರೆ ಗೇರ್‌ಬಾಕ್ಸಿನದ್ದೂ ತಪ್ಪಿಲ್ಲ. ಪೆಡಲ್ ಒತ್ತಿದ ಬಲ ಕ್ಲಚ್‌ವರೆಗೆ ಮುಟ್ಟುತ್ತಿಲ್ಲ, ಅಷ್ಟೇ.

ಗೋಕುಲ ರೋಡಿನ ಒಂದು ಚಿಕ್ಕ ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಗಾಡಿಯ ಕೆಳಗೆ ಹೋಗುವ ಮೊದಲು ಡ್ರೈವರ್ ಸೀಟು ಹಿಂದಕ್ಕೆ ಸರಿಸಿದರು. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿದರು. ಹಸಿ! ಮೊಬೈಲ್ ಬ್ಯಾಟರಿ ಹಚ್ಚಿ, ತಲೆ ಕೆಳಗೆ ಮಾಡಿ ಡ್ಯಾಶ್‌ಬೋರ್ಡ್ ಅಡಿಗೆ ತೂರಿಕೊಂಡರು. ಪೆಡಲ್‌ನಿಂದ ಮೇಲಕ್ಕೆ ಹೋಗುವ ರಾಡಿನ ರಬ್ಬರ್ ಟೊಪ್ಪಿಗೆಯ ಸುತ್ತ ಬೆರಳಾಡಿಸಿ ಹೊರಗೆ ತೋರಿಸಿದರು. ತೆಳು ಹಳದಿ, ಜಾರುವ ಆಯಿಲ್. ಪೆಡಲ್ ಬ್ರಾಕೆಟ್ಟಿನ ಬಣ್ಣ ಉಬ್ಬಿ, ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಬ್ರೇಕ್ ಆಯಿಲ್ ಬಿದ್ದಲ್ಲಿ ಬಣ್ಣ ಹೀಗೇ ಹೋಗುತ್ತದೆ.

"ಅಪ್ಪರ್ ಹೋಗೇತ್ರಿ ಸರ. ಒಳಗ ಸೋರತದ, ಹೊರಗ ಒಂದ್ ಹನಿನೂ ಕಾಣೂದಿಲ್ಲ."

ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮೇಲಿನ ಮಾಸ್ಟರ್ ಸಿಲಿಂಡರಿಗೆ ಗ್ಯಾರೇಜಿನಲ್ಲಿ ಅಪ್ಪರ್ ಅಂತಾರೆ, ಆ ಒತ್ತಡದಿಂದ ಕ್ಲಚ್ ಬಿಡಿಸುವ ಗೇರ್‌ಬಾಕ್ಸ್ ಹತ್ತಿರದ ಸಿಲಿಂಡರಿಗೆ ಲೋವರ್. ನಮ್ಮ ಗಾಡಿಯ ಲೋವರ್ ಹೊರಗೇ ಇದೆ. ಅದರ ರಬ್ಬರ್ ಎಳೆದು ನೋಡಿದರು, ಒಣಗಿತ್ತು. ಕೆಲವು ಗಾಡಿಗಳಲ್ಲಿ ಲೋವರ್ ಬೆಲ್ ಹೌಸಿಂಗ್ ಒಳಗೇ, ಅಂದರೆ ಕ್ಲಚ್ ಮುಚ್ಚುವ ಕವಚದೊಳಗೇ ಇರುತ್ತದೆ, ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ. ನಮ್ಮದಕ್ಕೆ ಅದರ ಅಗತ್ಯವೇ ಇರಲಿಲ್ಲ.

ಬರೀ ರಬ್ಬರ್ ಕಿಟ್ ಹಾಕಿದರೆ ಅಗ್ಗ. ಆದರೆ ಅಪ್ಪರ್ ಬಿಚ್ಚಿ ಬೆಳಕಿಗೆ ಹಿಡಿದಾಗ ಒಳಗೋಡೆಯಲ್ಲಿ ತುಕ್ಕಿನ ಚುಕ್ಕೆ, ಉದ್ದುದ್ದ ಗೀರು ಕಂಡವು. ಹೊಸ ರಬ್ಬರನ್ನೂ ಅದು ಬೇಗ ಕೊಯ್ಯುತ್ತದೆ. ಅಪ್ಪರ್ ಪೂರ್ತಿ ಹೊಸದೇ ಹಾಕಿಸಿದೆ. ಸೀಲ್ ಒಡೆಯದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಡಬ್ಬಿ ನಾನೇ ತಂದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ, ತೇವ ಹೀರಿದ್ದಕ್ಕೆ ಅದೇ ಮಟ್ಟ 155. ಬ್ರೇಕಿಗೂ ಅದೇ ಆಯಿಲ್ ಅಲ್ವಾ, ಅದಕ್ಕೇ ತೆರೆದಿಟ್ಟ ಡಬ್ಬಿ ಬೇಡವೆಂದೆ.

ಅಪ್ಪರ್ ಬಿಚ್ಚಿದಾಗ ಪೈಪಿನೊಳಗೆ ಸೇರಿದ ಏರ್ ತೆಗೆಯುವ ಕೆಲಸ ನನಗೆ ಬಹಳ ಹಿಡಿಸಿತು. ಪೆಡಲ್ ಮೇಲೆ ನಾನು, ಗಾಡಿ ಕೆಳಗೆ ಮಿಸ್ತ್ರಿ, ಡಬ್ಬಿ ಹತ್ತಿರ ಆಯಿಲ್ ಹಾಕಲು ಹುಡುಗ. ಲೋವರ್‌ನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್ಲಿಗೆ ಪಾರದರ್ಶಕ ಪೈಪು, ಅದರ ತುದಿ ನೀರಿನ ಬಾಟಲಿಯಲ್ಲಿ. "ಒತ್ರಿ. ಹಿಡೀರಿ. ಹಾಂ, ಬಿಡ್ರಿ." ನಿಪ್ಪಲ್ ಬಿಗಿ ಮಾಡಿದ ಮೇಲೇ ಕಾಲು ಬಿಡಬೇಕು, ಇಲ್ಲದಿದ್ದರೆ ಗಾಳಿ ಮತ್ತೆ ಒಳಗೆ. ಮೊದಮೊದಲು ಪೆಡಲ್ ತಾನಾಗಿ ಮೇಲೆ ಬರಲೇ ಇಲ್ಲ, ಬೂಟಿನ ತುದಿಯಿಂದ ಎತ್ತಿದೆ. ಪೈಪಿನಲ್ಲಿ ಕಪ್ಪು ಆಯಿಲ್, ನಡುನಡುವೆ ಗುಳ್ಳೆ. ಬರಬರುತ್ತಾ ತಿಳಿಯಾಯಿತು. ಒಂದು ಸಲ ಒತ್ತಿದಾಗ ಕಾಲಿಗೆ ಹಳೆಯ ಆ ಗಟ್ಟಿ ಹತ್ತಿತು. ಬಹಳ ಖುಷಿಯಾಯಿತು.

ಅಪ್ಪರ್, ಆಯಿಲ್, ಮಜೂರಿ ಸೇರಿ ಆ ಐದಂಕಿ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ.

ನನ್ನಂಥ ಬಜೆಟ್ಟಿನವರಿಗೆ ಈ ಗಾಡಿ ಈಗಲೂ ತಗೊಳ್ಳಿ ಅಂತಲೇ ಹೇಳುತ್ತೇನೆ. ಹಳೆಯದು ನೋಡಲು ಹೋದಾಗ ಮ್ಯಾಟ್ ಎತ್ತಿಸಿ, ಪೆಡಲ್ ರಾಡಿನ ಬುಡಕ್ಕೆ ಬೆರಳು ಹಾಕಿ. ಮಾರುವವರು ಬೇಜಾರಾದರೂ ಆಗಲಿ. ಇಂಜಿನ್ ಚಾಲೂ ಇಟ್ಟು, ಕ್ಲಚ್ ಒತ್ತಿ ಹಿಡಿದೇ ಸ್ವಲ್ಪ ಹೊತ್ತು ಕಾದು, ರಿವರ್ಸ್ ಹಾಕಿ ನೋಡಿ. ಕರ್ ಅಂದರೆ ದರ ಇಳಿಸಿ ಮಾತಾಡಿ. ನಮ್ಮ ಲೋವರ್ ಇನ್ನೂ ಹಳೆಯದೇ. ಅಪ್ಪರ್ ಹೊಸದಾದ ಮೇಲೆ ಅದರ ಮೇಲೆ ಒತ್ತಡ ಜಾಸ್ತಿ ಬೀಳಬಹುದು ಅಂತ ಮಿಸ್ತ್ರಿ ಹೇಳಿದ್ದಾರೆ. ಸದ್ಯ ಒಣಗಿದೆ, ಮಳೆಗಾಲ ಮುಗಿದ ಮೇಲೆ ಬದಲಾಯಿಸುತ್ತೇನೆ.